ಗಟ್ಟಿ ಕ್ರೋಮ್‌ಗೆ ಮೆತ್ತನೆ ಕಲ್ಲು

ಜೆಸಿಬಿ ಮಣ್ಣು ಅಗೆಯುವಾಗ ಅದರ ತೋಳಿನಲ್ಲಿ ಒಳಗೆ-ಹೊರಗೆ ಆಡುವ ಕನ್ನಡಿಯಂಥ ರಾಡ್ ನೋಡಿದ್ದೀರಿ ಅಲ್ವಾ? ಆ ಹೊಳಪು ಹಾರ್ಡ್ ಕ್ರೋಮ್‌ನದು. ಉಕ್ಕಿನ ಮೇಲೆ ಸಾಮಾನ್ಯವಾಗಿ 20-25 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಪದರ, ಕೂದಲೆಳೆಗಿಂತ ತೆಳು. ಸವೆದ ರಾಡ್ ರಿಪೇರಿಗೆ ಬಂದಾಗ ಇನ್ನೂ ದಪ್ಪ ಕ್ರೋಮ್ ಹತ್ತಿಸುತ್ತಾರೆ. ಆಮೇಲೆ ಜಾಸ್ತಿಯಾದದ್ದನ್ನು ಗ್ರೈಂಡ್ ಮಾಡಿ ಅಳತೆಗೆ ತರುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಕ್ರೋಮ್ ಎಷ್ಟು ಗಟ್ಟಿ ಅಂದರೆ ಅರ ಹಾಕಿ ಉಜ್ಜಿದರೆ ಅರವೇ ಜಾರುತ್ತದೆ. ಹಾಗಾದರೆ ಗ್ರೈಂಡಿಂಗ್ ಕಲ್ಲೂ ಗಟ್ಟಿಯದೇ ಬೇಕು ಅನಿಸುತ್ತದೆ. ಆದರೆ ಅನುಭವಸ್ಥರು ಹಾಕುವುದು ಮೆತ್ತನೆ ಕಲ್ಲು. ನನಗಂತೂ ಈ ಕೆಲಸದಲ್ಲಿ ಬಹಳ ಇಷ್ಟವಾಗುವ ವಿಷಯ ಇದು.

ಕಲ್ಲಿನಲ್ಲಿರುವ ಅಲ್ಯೂಮಿನಾ ಹರಳುಗಳು ಕ್ರೋಮ್‌ಗಿಂತ ಸುಮಾರು ಎರಡು ಪಟ್ಟು ಗಟ್ಟಿ. ಮೆತ್ತಗಿರುವುದು ಆ ಹರಳುಗಳನ್ನು ಹಿಡಿದಿಡುವ ಅಂಟು. ಹರಳು ಮೊಂಡಾದ ಕೂಡಲೇ ಅಂಟು ಅದನ್ನು ಬಿಟ್ಟುಕೊಡಬೇಕು, ಒಳಗಿನಿಂದ ಚೂಪಾದ ಹೊಸ ಹರಳು ಮೇಲೆ ಬರಬೇಕು. ಗಟ್ಟಿ ಕಲ್ಲು ಮೊಂಡು ಹರಳನ್ನೂ ಬಿಡುವುದಿಲ್ಲ. ಕಲ್ಲಿನ ಮುಖ ನುಣ್ಣಗೆ ಹೊಳೆಯತೊಡಗುತ್ತದೆ. ಆಮೇಲೆ ಅದು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ, ಬಿಸಿ ಏರಿಸುತ್ತದೆ.

ಕ್ರೋಮ್‌ಗೆ ಆಗದಿರುವುದು ಈ ಬಿಸಿಯೇ. ಒಂದೇ ಬಿಸಿಗೆ ಉಕ್ಕು ಕ್ರೋಮ್‌ಗಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದೆ. ಕ್ರೋಮ್ ಎಳೆತ ತಾಳುವ ಲೋಹ ಅಲ್ಲ, ಬಿರಿಯುತ್ತದೆ. ಲೇಪನದ ದಿನದಿಂದಲೇ ಅದರೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಬಿಸಿ ಅವನ್ನು ಉಕ್ಕಿನವರೆಗೂ ಇಳಿಸಿದರೆ ನೀರು ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ. ಮುಂದೊಂದು ದಿನ ಕ್ರೋಮ್ ಚಕ್ಕೆ ಎದ್ದು, ರಾಡ್ ಸುತ್ತ ಎಣ್ಣೆ ತಡೆಯುವ ಸೀಲ್ ಹರಿಯುತ್ತದೆ, ಎಣ್ಣೆ ಸೋರುತ್ತದೆ.

ಅದಕ್ಕೇ ಒಳ್ಳೆ ಆಪರೇಟರ್ ಒಂದು ಸಲಕ್ಕೆ ಐದೋ ಹತ್ತೋ ಮೈಕ್ರಾನ್ ಮಾತ್ರ ಕಟ್ ಕೊಡುತ್ತಾರೆ. ನೀರು ಮಜ್ಜಿಗೆಯಂಥ ಬೆಳ್ಳಗಿನ ಕೂಲೆಂಟ್, ಅಂದರೆ ಬಿಸಿ ಇಳಿಸುವ ದ್ರವ, ಕಲ್ಲು ರಾಡ್‌ಗೆ ತಾಗುವ ಜಾಗಕ್ಕೇ ಧಾರೆಯಾಗಿ ಬೀಳುತ್ತಿರಬೇಕು. ಕಿವಿ ಸದ್ದಿನ ಮೇಲೆ. ಸದ್ದು ಬದಲಾಯಿತೋ, ಡೈಮಂಡ್ ಹಿಡಿದು ಕಲ್ಲಿನ ಮುಖ ಡ್ರೆಸ್ ಮಾಡುತ್ತಾರೆ, ಅಂದರೆ ಮೊಂಡಾದ ಮೇಲ್ಮೈ ಕೆರೆದು ಮತ್ತೆ ಚೂಪು ಮಾಡುತ್ತಾರೆ.

ಅಳತೆಗೂ ಅವಸರ ಸಲ್ಲದು. 50 ಮಿಲಿಮೀಟರ್ ರಾಡ್ 10 ಡಿಗ್ರಿ ಬಿಸಿಯಾದರೆ ಅದರ ವ್ಯಾಸ 6 ಮೈಕ್ರಾನ್ ಹೆಚ್ಚುತ್ತದೆ. ಬಿಸಿಯಲ್ಲೇ ಅಳೆದು ಸೈಜ್ ಸರಿಮಾಡಿದ ರಾಡ್ ತಣ್ಣಗಾದ ಮೇಲೆ ಸಣ್ಣದಾಗಿರುತ್ತದೆ. ಕೈಗೆ ತಣ್ಣಗೆ ತಾಗಿದ ಮೇಲೆಯೇ ಮೈಕ್ರೋಮೀಟರ್ ಹಿಡಿಯಬೇಕು.