ಬೆಂಕಿ ಆರಿತು ಅಂತ ಗೋಡೆಗೆ ನೀರು ಹೊಡೀಬ್ಯಾಡ್ರಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಒಂದು ಯೂನಿಟ್‌ಗೆ ಬೆಂಕಿ ಬಿದ್ದಿತ್ತು. ಬೆಂಕಿ ಬಿದ್ದ ಜಾಗ ಕ್ಲೀನ್ ಮಾಡೋದೇ ನನ್ನ ಕೆಲ್ಸ, ಆದ್ರೆ ಓನರ್ ನಂಗೆ ಫೋನ್ ಮಾಡಿದ್ದು ಮೂರು ದಿನ ಆದ್ಮೇಲೆ, ಅಷ್ಟರಲ್ಲಿ ಹುಡುಗ್ರು ಪೈಪ್ ಹಿಡಿದು ಸೋಪಿನ ಪುಡಿ ಹಾಕಿ ಗೋಡೆನೆಲ್ಲಾ ಉಜ್ಜಿಬಿಟ್ಟಿದ್ರು. "ಅಣ್ಣಾ, ಎಷ್ಟು ತೊಳೆದ್ರೂ ಕರೀದು ಹೋಗವಲ್ದು ನೋಡ್ರಿ" ಅಂದ್ರು. ಎಲ್ಲಿಂದ ಹೋಗ್ಬೇಕು, ಗಿಲಾವಿನ (ಪ್ಲಾಸ್ಟರ್) ಒಳಗೇ ಇಳಿದಿತ್ತು. ಒಣಗಿದ್ದಾಗ ಮಸಿ ಬರೀ ಪುಡಿ, ನೀರು ತಾಗ್ತು ಅಂದ್ರ ಶಾಯಿ.

ಅದಕ್ಕೇ ನಾನು ಯಾವ ಮಷಿನ್ ತರ್ಲಿ ಅಂತ ಯೋಚನೆ ಮಾಡೋಕ್ಕಿಂತ ಮುಂಚೆ ಕೇಳೋದು ಸುಟ್ಟಿದ್ದು ಏನು ಅಂತ. ಹತ್ತಿ, ಬಟ್ಟೆ, ಕಟ್ಟಿಗೆ ಸುಟ್ಟಿದ್ರೆ ಮಸಿ ಒಣಾ ಇರ್ತದ, ಮೊದ್ಲು ಹೆಪಾ ಫಿಲ್ಟರ್ (ಬಾಳ ಸಣ್ಣ ಧೂಳೂ ಹಿಡಿಯೋ ಫಿಲ್ಟರ್) ಇರೋ ವ್ಯಾಕ್ಯೂಮ್, ಆಮೇಲೆ ಒಣ ರಬ್ಬರ್ ಸ್ಪಾಂಜ್, ಮ್ಯಾಲಿಂದ ಕೆಳಗೆ ಒರೆಸ್ತಾ ಬರೋದು. ಮನೆ ವ್ಯಾಕ್ಯೂಮ್ ಬ್ಯಾಡ, ಸಣ್ಣ ಮಸಿನ ಹಿಂದಿಂದ ವಾಪಸ್ ರೂಮಿಗೇ ಊದ್ತದ. ಪ್ಲಾಸ್ಟಿಕ್, ಫೋಮ್, ರಬ್ಬರ್ ಸುಟ್ಟಿದ್ರೆ ಮಸಿ ಜಿಡ್ಡು, ಬೆರಳಾಗ ಎಳೆದ್ರೆ ಉದ್ದಕ್ಕೂ ಬಳಕೊಂಡು ಹೋಗ್ತದ, ಅದಕ್ಕೆ ಜಿಡ್ಡು ಬಿಡಿಸೋ ಡಿಗ್ರೀಸರ್ ಬೇಕು. ಯಾವುದೇ ಆಗ್ಲಿ ಮೂಲೆಯಾಗ ಒಂದು ಅಡಿ ಜಾಗ ಟ್ರೈ ಮಾಡಿ ನೋಡ್ರಿ.

ವೈರ್ ಸುಟ್ಟಿದ್ರೆ ಕಥೆನೇ ಬೇರೆ. ವೈರ್ ಮೇಲಿನ ಪ್ಲಾಸ್ಟಿಕ್, ಅಂದ್ರೆ ಪಿವಿಸಿ, ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರ್ತದ, ಅದು ತೇವದ ಜತೆ ಸೇರಿದ್ರೆ ಆ್ಯಸಿಡ್. ಬೆಂಕಿ ಹತ್ತದೇ ಇರೋ ಮಷಿನ್‌ಗಳೂ ದಿನಗಳಲ್ಲೇ ತುಕ್ಕು ಹಿಡೀತಾವ. ಎಲ್ಲಾರೂ ಗೋಡೆ ನೋಡ್ತಾ ಕೂಡ್ತಾರ, ನಾನಾದ್ರೆ ಮೊದ್ಲು ಹೊಲಿಗೆ ಮಷಿನ್ ಕ್ಲೀನ್ ಮಾಡಿಸ್ತೀನಿ, ಗೋಡೆ ಎಲ್ಲಿಗೂ ಓಡಿ ಹೋಗಲ್ಲ.

ಬಾತ್‌ರೂಮಿಗೆ ಹಾಕೋ ಆ್ಯಸಿಡ್ ತಂದು ಶಹಾಬಾದ್ ಕಲ್ಲಿನ ಮೇಲೆ ಸುರಿಯೋರೂ ಅದಾರ. ಅದು ಸುಣ್ಣದ ಕಲ್ಲು ಮಾರಾಯ್ರೆ, ಮಸಿಗಿಂತ ಮೊದ್ಲು ಕಲ್ಲೇ ನೊರೆ ಬಂದು ಕರಗ್ತದ.

ಬ್ಲಾಸ್ಟಿಂಗ್, ಅಂದ್ರೆ ಗಾಳಿ ಒತ್ತಡದಾಗ ಪುಡಿ ಹೊಡೆದು ಕರೀದು ಕೀಳೋದು, ಮಾಡ್ಸೋಣ ಅಂತ ಈಗ ಬಾಳ ಮಂದಿ ಕೇಳ್ತಾರ. ಮಾಳಿಗೆ ಮನೆ ತೊಲೆ ಮೇಲೆ ಕೂತ ಇದ್ದಿಲಿಗೆ ಸೋಡಾ ಬ್ಲಾಸ್ಟಿಂಗ್ ಛಲೋನೇ, ಆದ್ರೆ ಸೋಡಾ ಪುಡಿ ಪೂರ್ತಿ ತೆಗೀದೆ ಪೇಂಟ್ ಹಚ್ಚಿದ್ರೆ ನಿಲ್ಲಲ್ಲ. ಡ್ರೈ ಐಸ್ ಅಂದ್ರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ಹಿಂದೆ ಕಸ ಉಳಿಸಲ್ಲ, ಆದ್ರೆ ನಮ್ಮ ಕಡೆ ಬಿಸಿಲಿಗೆ ತಂದು ಇಟ್ಕೊಳ್ಳೋದೇ ಕಷ್ಟ, ಮತ್ತ ಮುಚ್ಚಿದ ರೂಮಿನಾಗ ಅದರ ಗ್ಯಾಸ್ ತುಂಬಿದ್ರೆ ಕೆಲ್ಸದೋರ ಜೀವಕ್ಕೇ ಬರ್ತದ. ಮರಳು ಬ್ಲಾಸ್ಟಿಂಗ್ ಹಳೇ ಇಟ್ಟಂಗಿಗೆ ಬ್ಯಾಡವೇ ಬ್ಯಾಡ, ಇಟ್ಟಂಗಿ ಮುಖನೇ ಕಿತ್ತು ಹೋಗ್ತದ.

ಗಿಲಾವು ಉದುರಿದಲ್ಲಿ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಅಲ್ಲಿ ಸುಮಾರು 300 ಡಿಗ್ರಿ ದಾಟಿದೆ ಅಂತ ಅರ್ಥ. ಆಗ ಕ್ಲೀನಿಂಗ್ ಮಾತೇ ಬ್ಯಾಡ, ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೀರಿ.

ಮೊದ್ಲೇ ನೀರು ಬೇಕಾಗೋದು ಒಂದೇ ಕಡೆ, ಒಡೆದ ಆಸ್ಬೆಸ್ಟಾಸ್ ಶೀಟ್. ಅದನ್ನ ಒಣಾ ಗುಡಿಸಿದ್ರೆ ನಾರು ಪುಪ್ಪುಸಕ್ಕೆ ಹೋಗ್ತದ, ಅದಕ್ಕೇ ಸಣ್ಣಗೆ ನೀರು ಚಿಮುಕಿಸಿ, ಮಾಸ್ಕ್ ಹಾಕ್ಕೊಂಡು ದಪ್ಪ ಪ್ಲಾಸ್ಟಿಕ್‌ನಾಗ ಸುತ್ತಬೇಕು.

ಜೀನ್ಸ್ ಯೂನಿಟ್‌ನಾಗ ಕೊನೆಗೆ ಎರಡು ಗೋಡೆ ಗಿಲಾವೇ ಕಿತ್ತು ಹೊಸದು ಮಾಡಿಸ್ಬೇಕಾಯ್ತು. ಇನ್ಶೂರೆನ್ಸ್ ಸರ್ವೇಯರ್ ಬಂದಾಗ ತೊಳೆದ ಗೋಡೆ ನೋಡಿ "ಫೋಟೋ ಎಲ್ರಿ?" ಅಂದ್ರಂತೆ. ಒಂದೂ ತೆಗೆದಿರಲಿಲ್ಲ.