ಓದುಗರ ಪ್ರಶ್ನೆ: ಚೆಸ್ ಆಡುವಾಗ ಭಾವನೆಯೇ ಬರದ ಹಾಗೆ ಮಾಡೋದು ಹೇಗೆ?

"ಸರ್, ಒಂದು ಕುದುರೆ ಸುಮ್ನೆ ಕಳೆದುಕೊಂಡ ಮೇಲೆ ನನ್ನ ತಲೆಯೇ ಓಡಲ್ಲ. ಸಿಟ್ಟು ಬರುತ್ತೆ, ಅಳು ಬರುತ್ತೆ. ನಾಲ್ಕೈದು ನಡೆಯಲ್ಲಿ ಆಟ ಮುಗಿದೇ ಹೋಗುತ್ತೆ. ದೊಡ್ಡ ಆಟಗಾರರ ಥರ ಯಾವ ಭಾವನೆಯೂ ಇಲ್ಲದೆ ಆಡೋದು ಹೇಗೆ?"

ಪ್ರತಿ ಟೂರ್ನಮೆಂಟ್ ಮುಗಿದ ಮೇಲೂ ಈ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟರೂ ಕೊನೆಯ ಸಾಲು ಮಾತ್ರ ಬದಲಾಗಿಲ್ಲ. ದೊಡ್ಡ ಆಟಗಾರರಿಗೆ ಭಾವನೆ ಇಲ್ಲ ಅಂತ ನಿಮಗೆ ಹೇಳಿದವರು ಯಾರು?

2024ರ ಡಿಸೆಂಬರ್ 12, ಸಿಂಗಾಪುರ. ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಒಂದು ಕಡೆ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್; ಎದುರಿಗೆ ನಮ್ಮ ಗುಕೇಶ್. ಡ್ರಾ ಆಗುವಂತಿದ್ದ ಸ್ಥಾನದಲ್ಲಿ ಡಿಂಗ್ 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ತಂದರು. ಆನೆಗಳೂ ಒಂಟೆಗಳೂ ಬದಲಾದರೆ ಉಳಿಯುವುದು ರಾಜ, ಪದಾತಿಗಳಷ್ಟೇ. ಗುಕೇಶ್‌ಗೆ ಒಂದು ಪದಾತಿ ಜಾಸ್ತಿ, ಗೆಲ್ಲಲು ಅಷ್ಟು ಸಾಕು. ಆ ವಿಡಿಯೋ ನೋಡಿ. ತಪ್ಪು ಕಂಡ ಕ್ಷಣ ಗುಕೇಶ್ ಮುಖದಲ್ಲಿ ಆಶ್ಚರ್ಯ ಎದ್ದು ಕಾಣುತ್ತದೆ. ಗೆದ್ದ ಮೇಲೆ ಅಳುತ್ತಲೇ ಕಾಯಿಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿಟ್ಟರು. ಇದು ಭಾವನೆ ಇಲ್ಲದ ಹುಡುಗನಾ?

2025ರ ಜೂನ್ 1, ನಾರ್ವೆಯ ಸ್ಟಾವಾಂಗರ್. ನಾರ್ವೆ ಚೆಸ್ ಟೂರ್ನಮೆಂಟ್. ಗೆಲ್ಲುವ ಆಟವನ್ನು ಸಮಯದ ಒತ್ತಡದಲ್ಲಿ ಅದೇ ಗುಕೇಶ್‌ಗೆ ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮೇಜಿಗೆ ಮುಷ್ಟಿಯಿಂದ ಗುದ್ದಿದರು. ಕಾಯಿಗಳು ಹಾರಿದವು. ಐದು ಸಲ ವಿಶ್ವ ಚಾಂಪಿಯನ್ ಆದವರು ಅವರು. ಅದೇ ಟೂರ್ನಮೆಂಟ್‌ನಲ್ಲಿ, ಆಟದ ನಡುವೆ ಎದ್ದು ಹೋಗಿ ಮನಸ್ಸಿನಲ್ಲಿರುವುದನ್ನು ಕ್ಯಾಮೆರಾ ಮುಂದೆ ಹೇಳಿಕೊಳ್ಳಲು ಒಂದು ಪುಟ್ಟ ಕೋಣೆಯೇ ಇದೆ. ಅಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು "ಏನು ಮಾಡಿಬಿಟ್ಟೆ ನಾನು" ಅನ್ನುವ ಧಾಟಿಯಲ್ಲೇ ಮಾತಾಡುತ್ತಾರೆ. ಹೊರಗೆ ಬಂದು ಕೂತಾಗ ಮಾತ್ರ ಮುಖ ಶಾಂತ. ನೀವು ನೋಡುವುದು ಆ ಮುಖವನ್ನಷ್ಟೇ.

ಈ ತಪ್ಪು ನಂಬಿಕೆಯ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಇದನ್ನು ನಂಬಿದ ಮಗು ಒಂದು ಕಾಯಿ ಕಳೆದುಕೊಂಡಾಗ ಎರಡು ಕೆಲಸ ಮಾಡುತ್ತಿರುತ್ತದೆ: ಒಂದು ಕಡೆ ಆಟ, ಇನ್ನೊಂದು ಕಡೆ ಅಳು ಬರಬಾರದು ಅನ್ನುವ ಜಗಳ. ಗಡಿಯಾರ ಮಾತ್ರ ಒಂದೇ. ಯೋಚಿಸಬೇಕಾದ ನಿಮಿಷಗಳು ಆ ಜಗಳಕ್ಕೇ ಹೋಗುತ್ತವೆ. ಸಿಟ್ಟು ಬರಲಿ ಬಿಡಿ. ಅದು ಕೈಗೆ ಇಳಿಯದಿದ್ದರೆ ಸಾಕು.

ಕೈಯನ್ನು ತಡೆಯುವುದು ಕಲಿಯಬಹುದಾದ ಅಭ್ಯಾಸ. ಎದುರಾಳಿ ನಡೆ ಇಟ್ಟ ಕೂಡಲೇ ಅದನ್ನು ಸ್ಕೋರ್‌ಶೀಟ್‌ನಲ್ಲಿ, ಅಂದರೆ ನಡೆಗಳನ್ನು ಬರೆದಿಡುವ ಹಾಳೆಯಲ್ಲಿ, ನಿಧಾನವಾಗಿ, ಅಂದವಾಗಿ ಬರೆಯಿರಿ. ಪೆನ್ನು ಕೆಳಗಿಟ್ಟ ಮೇಲೆ ಬೋರ್ಡ್ ನೋಡಿ. (ನಿಮ್ಮ ನಡೆಯನ್ನು ಆಡುವ ಮೊದಲೇ ಬರೆಯಬೇಡಿ. ಹಳೆಯ ಕಾಲದ ಆ ಸಲಹೆ ಈಗ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಕ್ಕೆ ವಿರುದ್ಧ. ಇದನ್ನೂ ಎಷ್ಟು ಸಲ ಹೇಳಿದ್ದೇನೋ.) ಬ್ಲಂಡರ್ (ದೊಡ್ಡ ತಪ್ಪು) ಆಗಿದ್ದರೆ, ಇದು ಬೇರೆ ಯಾರದೋ ಆಟ, ನಡುವೆ ನಿಮ್ಮನ್ನು ತಂದು ಕೂರಿಸಿದ್ದಾರೆ ಅಂದುಕೊಳ್ಳಿ. ಕಾಯಿ ಎಣಿಸಿ. ಎರಡೂ ರಾಜರು ಎಷ್ಟು ಭದ್ರ ನೋಡಿ. ಎದುರಾಳಿಗೆ ಈಗ ಏನು ಬೇಕು ಕೇಳಿಕೊಳ್ಳಿ. ಸಮಯವಿದ್ದರೆ ಎದ್ದು ನೀರು ಕುಡಿದು ಬನ್ನಿ. ನಿಮ್ಮ ಸರದಿ ಇದ್ದಾಗ ಆರ್ಬಿಟರ್ (ತೀರ್ಪುಗಾರರ) ಅನುಮತಿ ಇಲ್ಲದೆ ಆಟದ ಜಾಗ ಬಿಟ್ಟು ಹೋಗಬಾರದು, ಅಷ್ಟೇ.

ಇದೆಲ್ಲ ಸೋಲುವಾಗ ಮಾತ್ರ ಅಲ್ಲ. ಗೆಲ್ಲುತ್ತಿದ್ದೇನೆ ಅನ್ನುವ ಖುಷಿಯಲ್ಲಿ ಹೋದ ಆಟಗಳೇ ಜಾಸ್ತಿ. ಮಂತ್ರಿ ಸಿಕ್ಕಿತು ಅಂತ ಹಿಡಿದು, ಸ್ಟೇಲ್‌ಮೇಟ್ (ಎದುರಾಳಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ; ಆಟ ಡ್ರಾ) ಮಾಡಿ ಕೂರುವ ಮಕ್ಕಳನ್ನು ಎಲ್ಲ ಕೋಚ್‌ಗಳೂ ನೋಡಿರುತ್ತಾರೆ.

ಇನ್ನೊಂದು ಮಾತು ತಂದೆತಾಯಿಗಳಿಗೆ. ಒಂದೇ ದಿನ ಹಲವು ಸುತ್ತು ಇರುವ ಟೂರ್ನಮೆಂಟ್‌ನಲ್ಲಿ ಎರಡು ಸುತ್ತಿನ ನಡುವೆ ಸಿಗುವ ಬಿಡುವು ಸ್ವಲ್ಪವೇ. ಸೋತ ಮಗು ಬಾಗಿಲಿಗೆ ಬರುತ್ತಿದ್ದಂತೆ ಫೋನ್ ತೆಗೆದು, ಸ್ಟಾಕ್‌ಫಿಶ್ ಅನ್ನುವ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ, "ನೋಡು, ಇಲ್ಲಿ ಗೆಲ್ತಿದ್ದೆ" ಅನ್ನುತ್ತೀರಲ್ಲ, ದಯವಿಟ್ಟು ನಿಲ್ಲಿಸಿ. ಮಗುವಿಗೆ ಅದು ಗೊತ್ತು. ಯಾರು ಎಷ್ಟು ಮುಂದಿದ್ದಾರೆ ಅಂತ ಎಂಜಿನ್ ತೋರಿಸುವ ಅಂಕಿ ನೋಡಿದ ಮೇಲೆ ಮುಂದಿನ ಸುತ್ತಿಗೂ ಅದೇ ಆಟವನ್ನು ತಲೆಯಲ್ಲಿ ಹೊತ್ತು ಹೋಗುತ್ತದೆ.

2024ರ ಏಪ್ರಿಲ್‌ನಲ್ಲಿ ಟೊರೊಂಟೊದ ಕ್ಯಾಂಡಿಡೇಟ್ಸ್‌ನಲ್ಲಿ, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಮೆಂಟ್‌ನಲ್ಲಿ, ಗುಕೇಶ್ 7ನೇ ಸುತ್ತಿನಲ್ಲಿ ಫ್ರಾನ್ಸ್‌ನ ಅಲಿರೆಜಾ ಫಿರೂಜಾಗೆ ಸೋತರು. ಮರುದಿನ ಬಿಡುವಿನ ದಿನ. ಆಮೇಲೆ ಉಳಿದ ಏಳು ಸುತ್ತಿನಲ್ಲಿ ಒಂದನ್ನೂ ಸೋಲದೆ 14ಕ್ಕೆ 9 ಅಂಕದೊಂದಿಗೆ ಟೂರ್ನಮೆಂಟ್ ಗೆದ್ದರು. ಅವರಿಗೆ ಸಿಕ್ಕಿದ್ದು ಒಂದು ಇಡೀ ದಿನ. ನಿಮ್ಮ ಮಗುವಿಗೆ ಸಿಗುವುದು ಆ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ತಿಂಡಿ ಕೊಡಿ, ಹೊರಗೆ ನಾಲ್ಕು ಹೆಜ್ಜೆ ನಡೆಸಿ. ಸ್ಕೋರ್‌ಶೀಟ್ ಚೀಲದಲ್ಲಿರಲಿ. ಮಾರನೇ ದಿನ ಮೊದಲು ಎಂಜಿನ್ ಇಲ್ಲದೆ, ಮಗುವೇ ಬೋರ್ಡ್ ಮೇಲೆ ಆ ಆಟವನ್ನು ಆಡಿ ತೋರಿಸಲಿ. ಯಾವ ನಡೆಯ ಹತ್ತಿರ ಸಿಟ್ಟು ಬಂತು ಅಂತ ಸ್ಕೋರ್‌ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಕೋಚ್ ಮೊದಲು ನೋಡಬೇಕಾದ ಜಾಗ ಅದೇ.