ಹಾರ್ಮೋನ್ ವಂಕಿ ಮತ್ತು ಅನಿಯಮಿತ ರಕ್ತಸ್ರಾವ: ಯಾವಾಗ ಕಾಯಬೇಕು, ಯಾವಾಗ ಹುಡುಕಬೇಕು

ವಂಕಿಯೆಂದರೆ ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ. ಅದನ್ನು ಹಾಕಿಸಿಕೊಂಡವರ ಸ್ರಾವ ವಿಚಾರಿಸುವಾಗ ಪುಣೆಯ ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕನ್ನಡದ ವೈದ್ಯಕೀಯ ವಿದ್ಯಾರ್ಥಿಗೆ ಮೊದಲ ತೊಡಕು ಮಾತಿನದು. ಮರಾಠಿಯಲ್ಲಿ ‘ಅಂಗಾವರೂನ್ ಜಾತಂ’ ಎಂದರೆ ಬಿಳಿ ಹೋಗುವುದೂ ಆಗಬಹುದು, ಕೆಂಪು ಹೋಗುವುದೂ ಆಗಬಹುದು. ‘ಪಾಂಢರಂ ಕೀ ಲಾಲ್?’ (ಬಿಳಿಯೋ ಕೆಂಪೋ?) ಎಂದು ಕೇಳಲೇಬೇಕು. ಸೊಲ್ಲಾಪುರದ ಕನ್ನಡತಿ ‘ಕಾಪರ್-ಟಿ ಹಾಕ್ಸೀನ್ರಿ’ ಅಂದರೂ ಹಾಕಿದ್ದು ಯಾವ ವಂಕಿಯೆಂದು ಆಕೆಯ ಕಾರ್ಡ್ ನೋಡಿ. ತಾಮ್ರದ ವಂಕಿ ಮುಟ್ಟನ್ನು ಹೆಚ್ಚಿಸುತ್ತದೆ, 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ ವಂಕಿ ತಗ್ಗಿಸುತ್ತದೆ.

ಆದರೆ ತಗ್ಗಲು ಸಮಯ ಬೇಕು. ಗರ್ಭಕೋಶದ ಒಳಪದರ ತೆಳುವಾಗುತ್ತ ಹೋದಂತೆ ಮೇಲ್ಭಾಗದ ಸಣ್ಣ ರಕ್ತನಾಳಗಳು ಸೂಕ್ಷ್ಮವಾಗಿ ಅಲ್ಲಲ್ಲಿ ಒಡೆಯುತ್ತವೆ. ಹಾಗಾಗಿ ಮೊದಲ 3ರಿಂದ 6 ತಿಂಗಳು ಆಗಾಗ ಸ್ವಲ್ಪ ರಕ್ತದ ಕಲೆ ಕಾಣುವುದು ಸಾಮಾನ್ಯ. ಅಳವಡಿಸುವ ಮುನ್ನವೇ ಇದನ್ನು ಹೇಳಿರಬೇಕು. ಹೇಳದೆ ಬಿಟ್ಟರೆ ಆಕೆ ಹೆದರಿ ಎರಡನೇ ತಿಂಗಳಿಗೇ ತೆಗೆಸುತ್ತಾಳೆ.

ಆರು ತಿಂಗಳು ದಾಟಿದರೂ ನಿಲ್ಲದ ಸ್ರಾವ, ನಿಂತ ಮೇಲೆ ಮರುಕಳಿಸಿದ ಸ್ರಾವ, ನೋವು, ಜ್ವರ, ಸಂಭೋಗದ ನಂತರದ ರಕ್ತ: ಇವನ್ನು ‘ಹಾರ್ಮೋನಿನದು’ ಎಂದು ತಳ್ಳಿಹಾಕುವಂತಿಲ್ಲ. ನನ್ನ ಮಟ್ಟಿಗೆ ಅತಿ ಮುಖ್ಯ ಸುಳಿವು ಎರಡನೆಯದು.

ಮೊದಲು ಮೂತ್ರದ ಗರ್ಭಪರೀಕ್ಷೆ, ಎಷ್ಟೇ ಅಸಂಭವ ಅನ್ನಿಸಿದರೂ. ಈ ವಂಕಿ ಇದ್ದು ಗರ್ಭ ನಿಲ್ಲುವುದು ಅಪರೂಪ. ನಿಂತರೆ ಅರ್ಧದಷ್ಟು ಗರ್ಭಕೋಶದ ಹೊರಗೇ ಇರಬಹುದು. ಆಮೇಲೆ ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಉಪಕರಣ) ಹಾಕಿ ಗರ್ಭಕಂಠದಿಂದ ಹೊರಬಂದಿರುವ ವಂಕಿಯ ದಾರ ನೋಡಿ. ದಾರ ಉದ್ದವಾಗಿದ್ದರೆ ಅಥವಾ ಪ್ಲಾಸ್ಟಿಕ್ ತುದಿ ಕಂಡರೆ ವಂಕಿ ಜಾರುತ್ತಿದೆ. ಗರ್ಭಕಂಠದ ಪಾಲಿಪ್ (ಸಣ್ಣ ಮಾಂಸದ ಬೆಳವಣಿಗೆ), ಹುಣ್ಣು, ಕೀವು ಗಮನಿಸಿ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಾಕಿಯಿದ್ದರೆ ಆಗಲೇ ಮುಗಿಸಿ, ಕ್ಲಮಿಡಿಯಾ (ಲೈಂಗಿಕವಾಗಿ ಹರಡುವ ಸೋಂಕು) ಸಂಶಯವಿದ್ದರೆ ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿ) ಕಳಿಸಿ.

ನಂತರ ಯೋನಿಮಾರ್ಗದ ಸ್ಕ್ಯಾನ್. ಇಲ್ಲಿ ಎಡವುವವರು ಬಹಳ. ಹಾರ್ಮೋನ್ ವಂಕಿಯ ಕಾಂಡ ತಾಮ್ರದ್ದರಂತೆ ಬೆಳ್ಳಗೆ ಹೊಳೆಯುವುದಿಲ್ಲ. ಎರಡು ತುದಿಗಳನ್ನೂ ನಡುವಿನ ನೆರಳನ್ನೂ ಹುಡುಕಬೇಕು. ದಾರವೂ ಇಲ್ಲ, ಸ್ಕ್ಯಾನಿನಲ್ಲೂ ಇಲ್ಲವೆಂದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಎಕ್ಸ್-ರೇ ತೆಗೆಸಿ. ಚೌಕಟ್ಟಿನಲ್ಲಿ ಬೇರಿಯಂ ಸಲ್ಫೇಟ್ ಇರುವುದರಿಂದ ಒಳಗೆಲ್ಲೇ ಇದ್ದರೂ ಕಾಣುತ್ತದೆ, ಕಾಣದಿದ್ದರೆ ಹೊರಬಿದ್ದಿದೆ. ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಕೊಡಿ.

45 ದಾಟಿದವರು, ಬೊಜ್ಜು ಅಥವಾ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಲ್ಲಿ ಸ್ರಾವ ನಿಲ್ಲದಿದ್ದರೆ ಒಳಪದರದ ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಮಾಡಿಸಿ. ಅದಕ್ಕಾಗಿ ವಂಕಿ ತೆಗೆಯಲೇಬೇಕೆಂದಿಲ್ಲ, ಮಾದರಿ ಹೀರುವ ತೆಳು ಕೊಳವೆ ಪೈಪೆಲ್ ಪಕ್ಕದಲ್ಲೇ ಹೋಗುತ್ತದೆ.

ಏನೂ ಸಿಗದಿದ್ದರೆ ನೋವುನಿವಾರಕ ಮೆಫೆನಾಮಿಕ್ ಆಸಿಡ್ 500 ಮಿ.ಗ್ರಾಂ ದಿನಕ್ಕೆ ಮೂರು ಬಾರಿ, ಊಟದ ನಂತರ, 5 ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಕೇಳಿಕೊಂಡೇ ಬರೆಯಿರಿ.